ಹೊಲಿಗೆ ಕೆಲಸದ ಸೊಂಟನೋವಿಗೆ ಮಸಾಜ್ ಮತ್ತು ಸ್ಟ್ರೆಚಿಂಗ್: ಒಂದೂವರೆ ವರ್ಷ ಬಳಸಿದ ಮೇಲೆ

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಒಂದು ಫಿಜಿಯೊಥೆರಪಿ ಕೇಂದ್ರದವರು ಮಸಾಜ್ ಮತ್ತು ಸ್ಟ್ರೆಚಿಂಗ್ ಎರಡನ್ನೂ ಒಂದೇ ಸಿಟಿಂಗ್‌ನಲ್ಲಿ ಮಾಡುತ್ತಾರೆ. ನಾನು ಅಲ್ಲಿಗೆ ಹೋಗಲು ಶುರು ಮಾಡಿ ಒಂದೂವರೆ ವರ್ಷವಾಯಿತು. ಮಸಾಜ್ ಮಾಡಿಸಿಕೊಂಡ ದಿನ ಯಾರಿಗಾದರೂ ಹಾಯೆನಿಸುತ್ತದೆ. ಅದು ಮುಂದಿನ ವಾರದವರೆಗೆ ಉಳಿಯುತ್ತದೋ ಇಲ್ಲವೋ ಎಂಬುದೇ ದುಡಿದು ತಿನ್ನುವವರಿಗೆ ಬೇಕಾದ ಮಾತು. ನನಗೆ ಉಳಿದಿದೆ. ನೋವು ಪೂರ್ತಿ ಹೋಗಿದೆ ಎನ್ನಲಾರೆ, ಆದರೆ ದಿನದ ಕೆಲಸ ಈಗ ನೋವು ಹೇಳಿದಂತೆ ನಡೆಯುವುದಿಲ್ಲ.

ನಾನು ಹಳೇ ಹುಬ್ಬಳ್ಳಿಯಲ್ಲಿ ಹೊಲಿಗೆ ಕೆಲಸ ಮಾಡುವವಳು. ಲೈನಿಂಗ್ ಬ್ಲೌಸ್, ಫಾಲ್-ಪಿಕೊ, ಲಗ್ನದ ಸೀಸನ್ ಬಂತೆಂದರೆ ಇಳಕಲ್ ಸೀರೆಗೆ ಗುಳೇದಗುಡ್ಡ ಖಣದ ಕುಪ್ಪಸ. ಪವರ್ ಮಷಿನ್ ಮುಂದೆ ಕೂತರೆ ಬಲಗಾಲು ಸದಾ ಪೆಡಲ್ ಮೇಲೆ, ಕುತ್ತಿಗೆ ಸದಾ ಸೂಜಿಯ ಕಡೆಗೆ ಬಾಗಿದ್ದೇ. ನೋವು ಬಲಗಡೆ ಕುಂಡಿಯ ಆಳದಿಂದ ಎದ್ದು ತೊಡೆಯ ಹಿಂಭಾಗಕ್ಕೆ ಇಳಿಯುತ್ತಿತ್ತು. ಎದ್ದು ನಿಂತಾಗ ಸೊಂಟದಲ್ಲಿ ಚಳಕು ಹೊಡೆಯುತ್ತಿತ್ತು. ಸಂಜೆಗೆ ಕುತ್ತಿಗೆಯಿಂದ ಹೆಗಲವರೆಗೆ ಬಿಗಿ. ಮೂರು ತಿಂಗಳು ದಾಟಿದರೆ ಅದನ್ನು ದೀರ್ಘಕಾಲದ ನೋವು ಎನ್ನುತ್ತಾರೆ, ನನ್ನದು ವರ್ಷಗಟ್ಟಲೆಯದ್ದು. ಎಕ್ಸ್‌ರೇಯಲ್ಲಿ ಗಾಬರಿಯಾಗುವಂಥದ್ದೇನೂ ಕಂಡಿರಲಿಲ್ಲ. ಗುಳಿಗೆ ನುಂಗಿದ್ದೆ, ಬೆಲ್ಟ್ ಕಟ್ಟಿದ್ದೆ, ಬೇರೆ ಕಡೆ ಕರೆಂಟ್ ಕೊಡಿಸಿಕೊಂಡಿದ್ದೆ, ತೂಕ ಕಟ್ಟಿ ಸೊಂಟ ಎಳೆಸಿಕೊಂಡಿದ್ದೂ ಆಗಿತ್ತು.

ಬೆಲ್ಟ್ ಬಿಡಿಸಿದ್ದು ಈ ಕೇಂದ್ರದ ಮೇಡಂ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ದೀರ್ಘಕಾಲದ ಸೊಂಟನೋವಿಗೆಂದೇ ಮಾರ್ಗಸೂಚಿ ಹೊರಡಿಸಿದೆ. ಬೆಲ್ಟ್, ತೂಕ ಕಟ್ಟಿ ಎಳೆಯುವ ಟ್ರ್ಯಾಕ್ಷನ್, ನರಕ್ಕೆ ಕರೆಂಟ್ ಕೊಡುವ ಟೆನ್ಸ್ ಇವನ್ನೆಲ್ಲ ವಾಡಿಕೆಯ ಚಿಕಿತ್ಸೆಯಾಗಿ ಕೊಡಬೇಡಿ ಎಂದು ಅದರಲ್ಲಿದೆ. ವ್ಯಾಯಾಮ, ಮಸಾಜ್, ತಿಳಿವಳಿಕೆ ಕೊಡುವುದು ಇವು ಕೊಡಬಹುದಾದವುಗಳ ಪಟ್ಟಿಯಲ್ಲಿವೆ. ನಮ್ಮ ಕಡೆ ಇನ್ನೂ ಎಷ್ಟೋ ಹೆಣ್ಣುಮಕ್ಕಳು ಸೀರೆಯ ಮೇಲೆ ಬೆಲ್ಟ್ ಬಿಗಿದುಕೊಂಡೇ ರೊಟ್ಟಿ ಬಡಿಯುತ್ತಾರೆ, ಅದಕ್ಕೇ ಇದನ್ನು ಬರೆದೆ.

ಮೊದಲ ದಿನ ಎಣ್ಣೆ ಮುಟ್ಟುವ ಮೊದಲು ಬರೀ ಪ್ರಶ್ನೆ. ಕಾಲಿನ ಶಕ್ತಿ ಕಡಿಮೆಯಾಗಿದೆಯೇ, ತೊಡೆಸಂದಿಯಲ್ಲಿ ಜೋಮು ಹಿಡಿಯುತ್ತದೆಯೇ, ಮೂತ್ರದ ಹಿಡಿತ ತಪ್ಪಿದೆಯೇ, ಜ್ವರ ಇದೆಯೇ, ಸುಮ್ಮಸುಮ್ಮನೆ ತೂಕ ಇಳಿದಿದೆಯೇ, ರಕ್ತ ತೆಳುವಾಗುವ ಗುಳಿಗೆ ನಡೆದಿದೆಯೇ. ಇದರಲ್ಲಿ ಒಂದಕ್ಕೆ ಹೌದು ಅಂದಿದ್ದರೂ ಮೊದಲು ಡಾಕ್ಟರ್ ಹತ್ತಿರ ಕಳಿಸುತ್ತಿದ್ದೆ ಅಂದರು. ಆಮೇಲೆ ಅಂಗಾತ ಮಲಗಿಸಿ, ಮೊಣಕಾಲು ಮಡಚದೆ ಒಂದೊಂದೇ ಕಾಲನ್ನು ಮೇಲೆತ್ತಿದರು. ಎಡಗಾಲು ಸುಲಭವಾಗಿ ಹೋಯಿತು. ಬಲಗಾಲು ಅರ್ಧಕ್ಕೇ ನಿಂತಿತು. ಜುಮ್ಮೆನ್ನುವುದು ಮೊಣಕಾಲಿನ ಕೆಳಗೆ ಇಳಿಯುತ್ತದೆಯೇ ಎಂದು ಮತ್ತೆ ಮತ್ತೆ ಕೇಳಿದರು. ಇಳಿಯುತ್ತಿರಲಿಲ್ಲ. ಇಳಿದಿದ್ದರೆ ನರದ ತಕರಾರು ಇರಬಹುದು, ಆಗ ಹೀಗೆ ಎಳೆಯಬಾರದಂತೆ.

ಸಿಟಿಂಗ್ ನಡೆಯುವುದು ಹೀಗೆ. ಬೆಚ್ಚಗಿನ ಎಳ್ಳೆಣ್ಣೆ ಹಚ್ಚಿ ಸೊಂಟದ ಎರಡೂ ಬದಿಗೆ ಅಂಗೈಯಿಂದ ನಿಧಾನಕ್ಕೆ ತಿಕ್ಕುತ್ತಾರೆ. ಆಮೇಲೆ ಕುಂಡಿಯ ಆಳದಲ್ಲಿರುವ ಪಿರಿಫಾರ್ಮಿಸ್ ಸ್ನಾಯುವಿಗೆ ಮೊಣಕೈ ಊರಿ ಹಾಗೇ ಹಿಡಿಯುತ್ತಾರೆ. ಸೊನ್ನೆಯಿಂದ ಹತ್ತರವರೆಗೆ ನೋವು ಎಷ್ಟು ಎಂದು ನಾನು ಹೇಳುತ್ತಿರಬೇಕು. “ಐದು-ಆರರೊಳಗ ಇರ್ಲಿ ಅಕ್ಕಾರ, ಹಲ್ಲ ಕಚ್ಚಿ ತಡಕೊಂಡ್ರ ಮೈ ಮತ್ತಷ್ಟು ಬಿಗೀತೈತಿ” ಎಂಬುದು ಅವರ ಮಾತು. ಮೊದಲ ಸಲ ಎಂಟು ಅಂದಿದ್ದೆ. ತಕ್ಷಣ ಭಾರ ಇಳಿಸಿದರು. ಸ್ವಲ್ಪ ಹೊತ್ತಿಗೆ ಅದೇ ಭಾರ ನಾಲ್ಕಕ್ಕೆ ಬಂತು.

ಅರ್ಧ ಗಂಟೆ ಇದಾದ ಮೇಲೆ ಬಿಸಿನೀರಲ್ಲಿ ಹಿಂಡಿದ ಟವೆಲ್‌ನಿಂದ ಎಣ್ಣೆ ಒರೆಸಿ, ಮೈ ಬೆಚ್ಚಗಿರುವಾಗಲೇ ಸ್ಟ್ರೆಚಿಂಗ್. ನನ್ನ ಬಲಗಾಲಿನ ಹಿಮ್ಮಡಿಯನ್ನು ಅವರ ಹೆಗಲ ಮೇಲಿಟ್ಟುಕೊಳ್ಳುತ್ತಾರೆ. ಬಿಗಿ ಸಿಕ್ಕ ಕಡೆ ನಿಲ್ಲಿಸಿ, “ನನ್ನ ಹೆಗಲನ್ನ ಕೆಳಗ ಒತ್ತರಿ, ಉಸರ ಹಿಡಕೋಬ್ಯಾಡ್ರಿ” ಎನ್ನುತ್ತಾರೆ. ಆರು ಎಣಿಸುವಷ್ಟು ಹೊತ್ತು ಒತ್ತಿ, ಉಸಿರು ಬಿಟ್ಟು ಸಡಿಲಿಸಿದರೆ ಕಾಲು ತಾನಾಗಿ ಇನ್ನಷ್ಟು ಮೇಲೆ ಹೋಗುತ್ತದೆ. ಅಲ್ಲಿ ಅರ್ಧ ನಿಮಿಷ ಹಿಡಿಯುತ್ತಾರೆ. ಇದನ್ನು ಪಿಎನ್‌ಎಫ್ ಎನ್ನುತ್ತಾರೆ. ಅಮೆರಿಕದ ಡಾಕ್ಟರ್ ಹರ್ಮನ್ ಕಾಬಟ್ ಮತ್ತು ಫಿಜಿಯೊಥೆರಪಿಸ್ಟ್ ಮಾರ್ಗರೆಟ್ ನಾಟ್ 1940ರ ದಶಕದಲ್ಲಿ ಪೋಲಿಯೊದಂಥ ಕಾಯಿಲೆಯವರಿಗಾಗಿ ಬೆಳೆಸಿದ ಪದ್ಧತಿ. ಈಗ ಆಟಗಾರರಿಗೂ ನನ್ನಂಥವರಿಗೂ ಬಂದಿದೆ.

ಎರಡೂ ಯಾಕೆ ಬೇಕು ಎಂದು ಕೇಳುವವರಿಗೆ ನನ್ನ ಉತ್ತರ ಇದು. ಮೊದಲು ಬೇರೆ ಕಡೆ ಬರೀ ಮಸಾಜ್ ಮಾಡಿಸುತ್ತಿದ್ದೆ. ಎರಡು ದಿನ ಸುಖ, ಮೂರನೇ ದಿನ ಮತ್ತೆ ಅದೇ. ಮನೆಯಲ್ಲಿ ವಿಡಿಯೊ ನೋಡಿ ಕಾಲು ಎಳೆಯಲು ಹೋದರೆ ನೋವಿಗೆ ಹೆದರಿ ಮೈ ಇನ್ನೂ ಬಿಗಿಯುತ್ತಿತ್ತು. ಗಂಜಿ ಹಾಕಿದ ಸೀರೆಗೆ ನೀರು ಚಿಮುಕಿಸದೆ ಇಸ್ತ್ರಿ ಮಾಡಿದ ಹಾಗೆ. ಸ್ಟ್ರೆಚಿಂಗ್‌ನಿಂದ ಸ್ನಾಯು ದಿಢೀರನೆ ಉದ್ದವಾಗುವುದಿಲ್ಲ. ಶುರುವಿನ ವಾರಗಳಲ್ಲಿ ಮುಖ್ಯವಾಗಿ ಬದಲಾಗುವುದು ಎಳೆತವನ್ನು ತಡೆದುಕೊಳ್ಳುವ ಶಕ್ತಿ ಎಂದು ಮೇಡಂ ತಿಳಿಸಿ ಹೇಳಿದರು. ನೋವಿನ ಹೆದರಿಕೆ ಮಸಾಜ್‌ನಿಂದ ತಗ್ಗಿದ ಹೊತ್ತಿನಲ್ಲೇ ಕಾಲನ್ನು ಮುಂದೆ ಒಯ್ದರೆ, ಅಲ್ಲಿಯವರೆಗೆ ಹೋಗುವುದು ಅಪಾಯವಲ್ಲ ಎಂದು ಮೈಗೆ ರೂಢಿಯಾಗುತ್ತದೆ. ಬಿಟ್ಟರೆ ಮತ್ತೆ ಮೊದಲಿನಂತಾಗುತ್ತದೆ, ಹಾಗಾಗಿ ಮನೆಯಲ್ಲಿ ಮಾಡಬೇಕಾದ ಸ್ಟ್ರೆಚಿಂಗ್ ತಪ್ಪಿಸುವಂತಿಲ್ಲ.

ಈ ಕೇಂದ್ರಕ್ಕೆ ನಾನು ಹೆಚ್ಚು ಅಂಕ ಕೊಡುವುದು ಇನ್ನೊಂದು ಕಾರಣಕ್ಕೆ. ಮಷಿನ್ ಮುಂದೆ ಕೂತ ಫೋಟೊ ಮೊಬೈಲ್‌ನಲ್ಲಿ ತರಿಸಿಕೊಂಡು ನೋಡಿದರು. ಸ್ಟೂಲ್ ತೆಗೆಸಿ ಬೆನ್ನಾಸರೆಯ ಕುರ್ಚಿ ಹಾಕಿಸಿದರು, ಟೇಬಲ್ ಕಾಲಿಗೆ ಕಟ್ಟಿಗೆಯ ತುಂಡು ಕೊಡಿಸಿ ಎತ್ತರ ಮಾಡಿಸಿದರು. ಒಂದು ಬ್ಲೌಸ್ ಮುಗಿದ ಕೂಡಲೇ ಎದ್ದು ನಿಲ್ಲಬೇಕು. ಮತ್ತೆ ಕೂತಾಗ ಬಲಪಾದವನ್ನು ಎಡಮೊಣಕಾಲ ಮೇಲಿಟ್ಟು ಬೆನ್ನು ನೆಟ್ಟಗಿಟ್ಟು ಅರ್ಧ ನಿಮಿಷ ಮುಂದೆ ಬಾಗಬೇಕು. ಇದಕ್ಕೆ ಅವರು ಬೇರೆ ದುಡ್ಡು ತೆಗೆದುಕೊಳ್ಳಲಿಲ್ಲ.

ಶುರುವಿನಲ್ಲಿ ವಾರಕ್ಕೊಮ್ಮೆ ಹೋಗುತ್ತಿದ್ದೆ, ಈಗ ತಿಂಗಳಿಗೊಮ್ಮೆ. ಖಣಕ್ಕೆ ಲೈನಿಂಗ್ ಕೂಡಿಸುವಾಗ ನಡುವೆ ಎದ್ದು ಗೋಡೆಗೆ ಒರಗುವುದು ತಪ್ಪಿದೆ. ಚಿಗರಿ ಬಸ್ಸಿನಲ್ಲಿ ಸೀಟು ಸಿಗದಿದ್ದರೂ ಧಾರವಾಡದವರೆಗೆ ನಿಂತೇ ಹೋಗಿ ಬರುತ್ತೇನೆ. ಕುತ್ತಿಗೆ ಮಾತ್ರ ಸೊಂಟದಷ್ಟು ಸುಧಾರಿಸಿಲ್ಲ. ಆರಿ ಕಸೂತಿ ಕೆಲಸ ಹಿಡಿದ ವಾರ ಹೆಗಲು ಮತ್ತೆ ಕಲ್ಲಾಗುತ್ತದೆ.

ಬೇಸರದ ಸಂಗತಿಗಳೂ ಇವೆ. ಸೊಂಟನೋವಿನವರೇ ಬರುವ ಜಾಗ ಮೊದಲ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಒಂದು ಸಿಟಿಂಗ್‌ಗೆ ನನ್ನ ಎರಡು ಲೈನಿಂಗ್ ಬ್ಲೌಸಿನ ಹೊಲಿಗೆ ಹಣ ಹೋಗುತ್ತದೆ, ಅದು ಸಣ್ಣ ಮೊತ್ತವಲ್ಲ. ಅದರ ಮೇಲೆ ಕೌಂಟರಿನ ಹುಡುಗ ಪ್ರತಿ ಸಲ ದೊಡ್ಡ ಪ್ಯಾಕೇಜ್ ತಗೊಳ್ಳಿರಿ ಎಂದು ಹಿಂದೆ ಬೀಳುತ್ತಾನೆ. ಮಸಾಜ್‌ನಿಂದ ಮೈಯಲ್ಲಿನ ವಿಷ ಹೊರಗೆ ಹೋಗುತ್ತದೆ ಎಂದು ಗೋಡೆಗೆ ಬೋರ್ಡು ಹಾಕಿದ್ದಾರೆ. ಅದಕ್ಕೆ ಆಧಾರವಿಲ್ಲ, ತೆಗೆಯಬೇಕು. ಒಮ್ಮೆ ಮೇಡಂ ರಜೆಯಲ್ಲಿದ್ದಾಗ ಹೊಸಬರೊಬ್ಬರು ನೋವಿನ ನಂಬರ್ ಕೇಳದೆ ಕಾಲು ಎಳೆದು, ತೊಡೆ ದಿನಗಟ್ಟಲೆ ಹಿಡಿದುಕೊಂಡಿತ್ತು. ಒಂದೆರಡು ದಿನ ಮೈಕೈ ನೋಯುವುದು ಸಹಜ, ಅದಕ್ಕಿಂತ ಹೆಚ್ಚು ಸಹಜವಲ್ಲ. ಅಂದಿನಿಂದ ಮೇಡಂ ಇದ್ದಾರೆಯೇ ಎಂದು ಫೋನ್ ಮಾಡಿಯೇ ಹೊರಡುತ್ತೇನೆ.

ಒಂದೇ ಕಾಲಿನ ಮೀನಖಂಡ ಬಾತು ಕೆಂಪಾಗಿ ನೋಯುತ್ತಿದ್ದರೆ ಅದನ್ನು ತಿಕ್ಕಿಸಬೇಡಿ; ರಕ್ತ ಹೆಪ್ಪುಗಟ್ಟಿರಬಹುದು, ನೇರ ಆಸ್ಪತ್ರೆಗೆ ಹೋಗಿ. ಮೂಳೆ ಸವೆತ ಇರುವ ಹಿರಿಯರು, ಬಸುರಿಯರು ಮೊದಲೇ ಹೇಳಿ, ಡಾಕ್ಟರನ್ನು ಕೇಳಿಕೊಂಡೇ ಮಸಾಜ್‌ಗೆ ಮಲಗಿ. ಉಳಿದವರು ಸಡಿಲ ಚೂಡಿದಾರ್ ಹಾಕಿಕೊಂಡು, ಊಟವಾಗಿ ಎರಡು ತಾಸು ಬಿಟ್ಟು ಹೋದರೆ ಸಾಕು. ಅಂದು ಸಂಜೆ ಅರ್ಜೆಂಟ್ ಹೊಲಿಗೆ ಒಪ್ಪಿಕೊಳ್ಳಬೇಡಿ.