ಮಗಳ ಮಾತಿಗೆ ಆವಾಜ್ ಆ್ಯಪ್: ಬಳಸಿದವರ ಅನುಭವ

ಮಗಳಿಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಮೈಕೈ ಚಲನೆ ಹಿಡಿತಕ್ಕೆ ಸಿಗದ ಸ್ಥಿತಿ. ನಾವು ಹೇಳೋದೆಲ್ಲ ಅವಳಿಗೆ ಅರ್ಥವಾಗುತ್ತದೆ. ಅವಳ ಮಾತು ಮಾತ್ರ ಮನೆಯವರನ್ನು ಬಿಟ್ಟು ಬೇರೆಯವರಿಗೆ ತಿಳಿಯುವುದಿಲ್ಲ. ಅದಕ್ಕೇ ಟ್ಯಾಬ್‌ಗೆ ಆವಾಜ್ ಹಾಕಿಕೊಂಡೆವು. ಹಾಸನದಲ್ಲಿ ಇದನ್ನು ಬಳಸುವ ಇನ್ನೊಂದು ಮನೆ ನಮಗೆ ಸಿಕ್ಕಿಲ್ಲ. ಬೇರೆ ಅಪ್ಪ ಅಮ್ಮಂದಿರಿಗೆ ಅನುಕೂಲವಾಗಲಿ ಅಂತ ಬರೆಯುತ್ತಿದ್ದೇನೆ.

ಚೆನ್ನೈನವರು ಮಾಡಿದ ಆ್ಯಪ್, ಕನ್ನಡವೂ ಇದೆ. ಚಿತ್ರ ಮುಟ್ಟಿದರೆ ಪದ ಕೇಳಿಸುತ್ತದೆ, ಒಂದಾದ ಮೇಲೊಂದು ಮುಟ್ಟಿದರೆ ಪದಗಳು ಸಾಲಾಗಿ ಕೂರುತ್ತವೆ. ಓದು ಬರಹ ಬಲ್ಲವರಿಗೆ ಕೀಬೋರ್ಡ್ ಇದೆ. ನಮ್ಮದೇ ಫೋಟೊ, ನಮ್ಮದೇ ಪದ ಸೇರಿಸಬಹುದು, ನನಗೆ ತುಂಬಾ ಹಿಡಿಸಿದ್ದು ಅದೇ. ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಸಕಲೇಶಪುರದ ಅಜ್ಜಿ, ಕಟ್ಟಿನಕೆರೆ ಮಾರ್ಕೆಟ್ಟು ಎಲ್ಲಾ ಈಗ ಅದರೊಳಗಿವೆ. 'ಸುಮ್ನಿರು' ಅನ್ನೋದನ್ನು ಅವಳೇ ಹಟ ಮಾಡಿ ಹಾಕಿಸಿಕೊಂಡಳು. ಅವಳಣ್ಣನಿಗೆ ದಿನಾ ಅದೇ ಪೂಜೆ.

ಆದರೆ ಟ್ಯಾಬ್ ಕೈಗೆ ಕೊಟ್ಟು 'ಮಾತಾಡು' ಅಂದರೆ ಯಾವ ಮಗುವೂ ಮಾತಾಡಲ್ಲ. ಥೆರಪಿಸ್ಟ್ ಮೊದಲ ದಿನವೇ ಹೇಳಿದ್ದರು, ನೀವು ಮಾತಾಡುವಾಗ ನೀವೇ ಬಟನ್ ಮುಟ್ಟುತ್ತಾ ಹೋಗಿ, ಅವಳನ್ನು ಪರೀಕ್ಷೆ ಮಾಡಬೇಡಿ ಅಂತ. ರೊಟ್ಟಿ ತಟ್ಟುವಾಗ ಬೆರಳೆಲ್ಲ ಹಿಟ್ಟಾಗಿರುತ್ತದೆ, ಗಿಣ್ಣಿನಲ್ಲೇ 'ಇನ್ನೊಂದು', 'ಬೇಕಾ', 'ಬಿಸಿ' ಅಂತ ಮುಟ್ಟಿ ಬಾಯಲ್ಲೂ ಹೇಳುತ್ತೇನೆ. ಮನೆಯವರೆಲ್ಲ ಹೀಗೆ ಮಾಡಿದರೆ ಮಾತ್ರ ಇದು ಕೆಲಸಕ್ಕೆ ಬರುತ್ತದೆ. ಅವಳು 'ನಾನು ಅಜ್ಜಿ ಮನೆ ಹೋಗು' ಅಂದರೆ ತಿದ್ದಲು ಹೋಗಬೇಡಿ. 'ಓ, ಅಜ್ಜಿ ಮನೆಗೆ ಹೋಗ್ಬೇಕಾ?' ಅಂತ ನೀವು ಪೂರ್ತಿ ಹೇಳಿ, ಸಾಕು. ಇನ್ನೊಂದು, ಬಟನ್‌ಗಳ ಜಾಗ ಪದೇ ಪದೇ ಬದಲಾಯಿಸಬೇಡಿ. ಜಾಗ ಕೈಗೆ ರೂಢಿಯಾಗಿರುತ್ತದೆ.

ಅವಳ ಕೈ ನಡುಗಿ ಪಕ್ಕದ ಬಟನ್ ಒತ್ತಿಬಿಡುತ್ತಿತ್ತು. ನೇಮ್‌ಪ್ಲೇಟ್ ಮಾಡುವ ಅಂಗಡಿಯಲ್ಲಿ ಅಕ್ರಿಲಿಕ್ ಹಾಳೆಗೆ ಬಟನ್ ಅಳತೆಯ ತೂತು ಕೊರೆಸಿ ಟ್ಯಾಬ್ ಮೇಲೆ ಕೂರಿಸಿದೆವು. ಈಗ ಅಂಗೈ ಊರಿಕೊಂಡು ಬೆರಳನ್ನು ನಿಧಾನಕ್ಕೆ ತೂತಿಗೆ ಇಳಿಸುತ್ತಾಳೆ.

ಬಿಸಿಲಲ್ಲಿ ಪರದೆ ಕಾಣಲ್ಲ, ಹಾಸನಾಂಬೆ ದರ್ಶನದ ಕ್ಯೂನಲ್ಲಂತೂ ಆ ಗದ್ದಲಕ್ಕೆ ಏನೂ ಕೇಳಿಸಲ್ಲ. ಚಿತ್ರದ ಪುಟಗಳನ್ನು ಪ್ರಿಂಟ್ ತೆಗೆಯೋ ಸೌಲಭ್ಯ ಆ್ಯಪ್‌ನಲ್ಲೇ ಇದೆ. ಲ್ಯಾಮಿನೇಟ್ ಮಾಡಿಸಿ ಬ್ಯಾಗಲ್ಲಿ ಇಟ್ಟಿರಿ.

'ಮೆಷಿನ್ ಅಭ್ಯಾಸ ಆದ್ರೆ ಮಗು ಬಾಯೇ ಬಿಡಲ್ಲ' ಅಂತ ನೆಂಟರು ಹೆದರಿಸುತ್ತಾರೆ. ಕಿವಿಗೆ ಹಾಕಿಕೊಳ್ಳಬೇಡಿ. ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿ 2006ರಲ್ಲಿ ಪ್ರಕಟಿಸಿದ ಒಂದು ಸಮೀಕ್ಷೆಯಲ್ಲಿ, ಮಾತಿಗೆ ನೆರವಾಗಿ ಸನ್ನೆ, ಚಿತ್ರದಂಥ ವಿಧಾನ ಬಳಸಿದ 27 ಜನರಲ್ಲಿ ಒಬ್ಬರ ಮಾತೂ ಕಡಿಮೆಯಾಗಿರಲಿಲ್ಲ, ಹೆಚ್ಚಿನವರ ಮಾತು ಸ್ವಲ್ಪ ಸುಧಾರಿಸಿತ್ತು. ನನ್ನ ಮಗಳೂ ಈಗ ಬಟನ್ ಒತ್ತುತ್ತಾ ಜೊತೆಗೇ ದನಿ ತೆಗೆಯುತ್ತಾಳೆ.

ಶಾಲೆಯಲ್ಲಿ 'ಟ್ಯಾಬ್ ತರಬಾರದು' ಅಂದಾಗ ನನಗೆ ತುಂಬಾ ಸಿಟ್ಟು ಬಂತು. ಅದು ಆಟದ ಸಾಮಾನಲ್ಲ, ಅವಳ ಬಾಯಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 'ಸಂವಹನ' ಅಂದರೇನು ಅಂತ ಹೇಳುವಾಗ ಇಂಥ ವಿಧಾನಗಳನ್ನೂ ಸೇರಿಸಿದೆ. ಆ ಪುಟ ಪ್ರಿಂಟ್ ಹಾಕಿ ತೋರಿಸಿದೆ, ಒಪ್ಪಿಕೊಂಡರು.

ಪೂರ್ತಿ ಬಳಸಲು ಹಣ ಕಟ್ಟಬೇಕು. ಕಟ್ಟೋ ಮುಂಚೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಮಗುವನ್ನು ಒಮ್ಮೆ ಕರೆದುಕೊಂಡು ಹೋಗಿ, ಹಾಸನದಿಂದ ರೈಲಿದೆ. ಕೆಲವು ಮಕ್ಕಳಿಗೆ ಚಿತ್ರದ ಪುಸ್ತಕವೇ ಸಾಕಾಗಬಹುದು, ಕೈ ಆಡದ ಮಕ್ಕಳಿಗೆ ಕಣ್ಣಿನ ನೋಟದಿಂದಲೇ ನಡೆಸುವ ಸಾಧನ ಬೇಕಾಗಬಹುದು. ಯಾವುದು ಸರಿ ಅಂತ ಅಲ್ಲೇ ಕೇಳಿ ತಿಳಿದುಕೊಳ್ಳಿ.