ಸ್ವೀಡನ್ ದಾರಿಯೋ, ನ್ಯೂಜಿಲೆಂಡ್ ದಾರಿಯೋ?

ಲೈಂಗಿಕ ವೃತ್ತಿಯ ಕಾನೂನಿನಲ್ಲಿ ಧರ್ಮ, ನೀತಿಗೆ ಎಷ್ಟು ಜಾಗ ಕೊಡಬೇಕು? ನಿರ್ಧರಿಸುವ ಮೊದಲು ಈ ಎರಡು ದೇಶಗಳ ಕಾನೂನನ್ನು ಪಕ್ಕಪಕ್ಕ ಇಟ್ಟು ನೋಡಿ.

ಸ್ವೀಡನ್ 1999ರಿಂದ ದುಡ್ಡು ಕೊಟ್ಟು ಬರುವವನನ್ನು ಹಿಡಿಯುತ್ತದೆ, ಹೆಂಗಸನ್ನಲ್ಲ. ಅಲ್ಲಿ ಕೆಲಸ ಮಾಡಿದ್ದು ಧರ್ಮವಲ್ಲ, ಹೆಣ್ಣು ಗಂಡು ಸಮ ಎನ್ನುವ ನೀತಿ. ಮೈ ಮಾರುಕಟ್ಟೆಯ ಸರಕಲ್ಲ ಎಂಬ ಮಾತು ನನಗೂ ನಾಟುತ್ತದೆ. ಆದರೆ ಅವಳಿಗೆ ಮನೆ ಬಾಡಿಗೆಗೆ ಕೊಟ್ಟವರಿಗೂ ಕಾನೂನಿನ ಭಯ. ಕೊನೆಗೆ ಮನೆ ಖಾಲಿ ಮಾಡುವವಳು ಅವಳೇ ಅಲ್ವಾ?

ನ್ಯೂಜಿಲೆಂಡ್ 2003ರಲ್ಲಿ ಬೇರೆ ದಾರಿ ಹಿಡಿಯಿತು. ಸಂಸತ್ತಿನಲ್ಲಿ ಪರ 60, ವಿರೋಧ 59 ಮತ. 'ಈ ವೃತ್ತಿಗೆ ನೈತಿಕ ಒಪ್ಪಿಗೆ ಕೊಡುತ್ತಿಲ್ಲ' ಎಂದು ಕಾನೂನೇ ಹೇಳುತ್ತದೆ. ಹಾಗೆ ಹೇಳಿಯೂ ಅವಳ ಆರೋಗ್ಯ, ಸುರಕ್ಷತೆ ಕಾಯುತ್ತದೆ. ಯಾವ ಗಿರಾಕಿಯನ್ನಾದರೂ ಬೇಡ ಎನ್ನಬಹುದು. ನಾಲ್ವರವರೆಗೆ ಸೇರಿ, ತಮ್ಮ ದುಡಿಮೆ ತಮ್ಮ ಕೈಯಲ್ಲೇ ಇಟ್ಟುಕೊಂಡು, ಲೈಸೆನ್ಸ್ ಇಲ್ಲದೆ ದುಡಿಯಬಹುದು. ತಾತ್ಕಾಲಿಕ ವೀಸಾದವರಿಗೆ ಮಾತ್ರ ಈ ಅವಕಾಶವಿಲ್ಲ. ಅದು ದೊಡ್ಡ ಕೊರತೆ.

ನಮ್ಮ 1956ರ ಕಾನೂನು ಎರಡೂ ಅಲ್ಲ. ವೃತ್ತಿಯೇ ಅಪರಾಧವಲ್ಲ, ಆದರೆ ಗುಡಿ, ಮಸೀದಿ, ಶಾಲೆ, ಆಸ್ಪತ್ರೆಗಳಿಂದ 200 ಮೀಟರ್ ಒಳಗೆ ಅಪರಾಧ. ತಾಯಿಯ ದುಡಿಮೆಯಲ್ಲಿ ಬದುಕುವ 18 ದಾಟಿದ ಮಗನೂ ತಪ್ಪಿತಸ್ಥನಾಗಬಹುದು. ಕಾಲೇಜು ಫೀಸು ಅವಳೇ ಕಟ್ಟಿದ್ದರೂ!

ಧರ್ಮದ ಮಾತಿಗೆ ಬಂದರೆ ಸವದತ್ತಿ ಕಡೆಗೆ ನೋಡಿ. ಅಲ್ಲಿ ಎಳೆಯ ಹುಡುಗಿಯರ ಕೊರಳಿಗೆ ಮುತ್ತು ಕಟ್ಟಿಸಿ ದೇವದಾಸಿಯರನ್ನಾಗಿ ಮಾಡಿದ್ದು ದೇವರ ಹೆಸರಿನಲ್ಲೇ. ಅದನ್ನು ತಡೆಯಲು ಕರ್ನಾಟಕ 1982ರಲ್ಲಿ ಕಾನೂನು ತರಬೇಕಾಯಿತು. ಅದಕ್ಕೇ ನನ್ನ ಒಲವು, ನೈತಿಕ ತೀರ್ಪಿಗಿಂತ ಅವಳ ಸುರಕ್ಷತೆಯನ್ನು ಮುಂದಿಡುವ ನ್ಯೂಜಿಲೆಂಡ್ ಕಡೆಗೆ.