ಬಟಾಣಿ, ಕ್ಲೋವರ್, ವೆಚ್: ಚಳಿಗಾಲಕ್ಕೆ ಯಾವುದನ್ನು ಬಿತ್ತೋದು?

ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ ಜೋಳ ತೆಗೆದ ಮೇಲೆ ಖಾಲಿ ಬೀಳುವ ಜಾಗಕ್ಕೆ ಹೊದಿಕೆ ಬೆಳೆ (ಮಣ್ಣನ್ನು ಮುಚ್ಚಿ ಕಾಯಲು ಹಾಕುವ ಬೆಳೆ) ಬೇಕು, ಜಿಂಕೆಗಳಿಗೂ ಮೇವಾಗಬೇಕು ಅಂತ ಕೇಳಿದ್ದೀರಿ. ಬಟಾಣಿ, ಕ್ಲೋವರ್ (ಮೂರೆಲೆಯ ಮೇವಿನ ಗಿಡ), ವೆಚ್ (ಬಟಾಣಿಯಂಥದ್ದೇ ಮೇವಿನ ಬಳ್ಳಿ), ಮೂರೂ ಗಾಳಿಯ ಸಾರಜನಕ ಹಿಡಿದು ಮಣ್ಣಿಗೆ ಗೊಬ್ಬರವಾಗುವ ಬೆಳೆಗಳೇ.

ಜಿಂಕೆಗಳೇ ಮುಖ್ಯ ಅಂದರೆ ಆಸ್ಟ್ರಿಯನ್ ಚಳಿಗಾಲದ ಬಟಾಣಿ. ಆದರೆ ತೊಂದರೆಯೂ ಅಲ್ಲೇ ಇದೆ: ಎಳೆ ಕುಡಿ ಅವಕ್ಕೆ ಎಷ್ಟು ಇಷ್ಟ ಅಂದರೆ, ಅರ್ಧ ಎಕರೆಯಂಥ ಸಣ್ಣ ತುಂಡಿನಲ್ಲಿ ಬರೀ ಬಟಾಣಿ ಹಾಕಿದರೆ ಗಿಡ ಮೇಲೇಳುವ ಮೊದಲೇ ಬೋಳಿಸಿಬಿಡಬಹುದು, ಆಮೇಲೆ ಹೊದಿಕೆಯೂ ಇಲ್ಲ, ಗೊಬ್ಬರವೂ ಇಲ್ಲ. ಜೊತೆಗೆ ಓಟ್ಸ್ ಅಥವಾ ಗೋಧಿ ಸೇರಿಸಿ. ಬಳ್ಳಿಗೆ ಆಸರೆ ಸಿಗುತ್ತದೆ, ಮೇವೂ ಹಂಚಿಹೋಗುತ್ತದೆ.

ಬೀಜದ ಲೆಕ್ಕಕ್ಕೆ ಬಂದರೆ ಬಟಾಣಿ ಭಾರ. ಸಾಲಿನಲ್ಲಿ ಬಿತ್ತಿದರೂ ಎಕರೆಗೆ 50ರಿಂದ 80 ಪೌಂಡ್ ಬೇಕು, ಒಂದೂವರೆ ಇಂಚಾದರೂ ಆಳಕ್ಕೆ ಹೋಗಬೇಕು. ಕ್ರಿಮ್ಸನ್ ಕ್ಲೋವರ್‌ಗೆ 15ರಿಂದ 18 ಪೌಂಡ್ ಸಾಕು, ವೆಚ್‌ಗೂ ಹೆಚ್ಚುಕಮ್ಮಿ ಅಷ್ಟೇ. ಬಿತ್ತನೆ ಯಂತ್ರ ಇಲ್ಲ ಅಂದರೆ ಸುಮ್ನೆ ಕ್ಲೋವರ್ ಎರಚಿ, ಸ್ವಲ್ಪ ಒತ್ತಿದರೆ ಆಯಿತು. ವಸಂತದಲ್ಲಿ ಕೆಂಪು ಹೂವಿಗೆ ಜೇನು ಬರುತ್ತವೆ, ಅದೂ ಲಾಭವೇ ಅಲ್ವಾ?

ಚಳಿ ತಡೆಯೋದರಲ್ಲಿ ಹೇರಿ ವೆಚ್ ಮುಂದು, ಸಾರಜನಕವೂ ಸಾಮಾನ್ಯವಾಗಿ ಅದರಲ್ಲೇ ಜಾಸ್ತಿ. ನಿಮ್ಮ ಜಾಗ ಗುಡ್ಡದ ಕಡೆ ಇದ್ದರೆ ನಾನು ಅದನ್ನೇ ಹೇಳುತ್ತೇನೆ. ಮುಂದೆ ಗೋಧಿ ಬೆಳೆಯುವ ಹೊಲಕ್ಕೆ ಮಾತ್ರ ಬೇಡ. ಅದರ ಗಟ್ಟಿ ಬೀಜ ಮಣ್ಣಿನಲ್ಲಿ ಉಳಿದು ಕಳೆಯಾಗಿ ಕಾಡುತ್ತದೆ. ಬಟಾಣಿಯನ್ನೂ ವರ್ಷವರ್ಷ ಒಂದೇ ಕಡೆ ಹಾಕಬೇಡಿ, ಬುಡ ಕೊಳೆಯುವ ರೋಗ ಸೇರಿಕೊಳ್ಳುತ್ತದೆ.

ಬೀಜಕ್ಕೆ ಹಚ್ಚುವ ರೈಜೋಬಿಯಂ (ಸಾರಜನಕ ಹಿಡಿಯಲು ನೆರವಾಗುವ ಬ್ಯಾಕ್ಟೀರಿಯಾ) ಪುಡಿ ಬಟಾಣಿಗೂ ವೆಚ್‌ಗೂ ಒಂದೇ ನಡೆಯುತ್ತದೆ, ಕ್ಲೋವರ್‌ಗೆ ಬೇರೆಯದು ಕೇಳಿ ತನ್ನಿ.